ಪೂರ್ವಪಕ್ಷ

ಹಗಲೆಲ್ಲ ನನ್ನ ಕೆಲಸ ಕಿವಿಯದು.
ಹಲ್ ಊರಿನ ಆಸ್ಪತ್ರೆ, ಮೂರನೇ ಮಹಡಿ,
ಸದ್ದು ನುಂಗುವ ಗೋಡೆಗಳ ಒಂದು ಗೂಡು,
ಒಳಗೆ ಕೂತವರ ಕೈಯಲ್ಲಿ ಒಂದು ಗುಂಡಿ.
ಕೇಳಿಸಿದರೆ ಒತ್ತಿ, ಎನ್ನುತ್ತೇನೆ.
ಕೆಲವರು ಕೇಳಿಸದಿದ್ದರೂ ಒತ್ತುತ್ತಾರೆ,
ಪಾಪ, ಈ ವಯಸ್ಸಿನಲ್ಲಿ ನಪಾಸಾಗಬಾರದೆಂದು.
ಪರದೆಯ ಮೇಲೆ ನನಗದು ತಕ್ಷಣ ಗೊತ್ತಾಗುತ್ತದೆ.

ಬುಧವಾರ ಸಂಜೆ ಮಾತ್ರ ತತ್ತ್ವಶಾಸ್ತ್ರ.
ಹೆಸಲ್ ರಸ್ತೆಯ ಗ್ರಂಥಾಲಯದ ಹಿಂದಿನ ಕೋಣೆ,
ಇರುವುದು ಮಕ್ಕಳ ಕುರ್ಚಿಗಳು; ಮೊಣಕಾಲು ಗಲ್ಲ ಮುಟ್ಟುತ್ತದೆ.
ಕಲಿಸುವವರು ಹಿಲ್ಡಾ ಮಾರ್ಫಿಟ್,
ಮೂವತ್ತು ವರ್ಷ ಗಣಿತ ಹೇಳಿ ಹೇಳಿ
ಉತ್ತರವಿರುವ ಪ್ರಶ್ನೆಗಳು ಸಾಕೆನಿಸಿ ಬಂದವರು.
ಬೇಕರಿಯ ರಾತ್ರಿಪಾಳಿಗೆ ಮುನ್ನ ಬಂದು ಕೂರುವ ದನೂತಾ.
ಮತ್ತೆ ಆರ್ಥರ್ ಬ್ಲೆಂಕಿನ್, ಎಂಬತ್ತೊಂದು,
ಉತ್ತರದ ಮಂಜುಕಡಲಲ್ಲಿ ಮೀನು ಎಳೆದ ಕೈ.
ಅವರ ಎರಡೂ ಕಿವಿಗೆ ಯಂತ್ರ ಕೂರಿಸಿದವಳು ನಾನೇ.

ಇದೆಲ್ಲ ಯಾಕೆ ನಿನಗೆ, ಅಕ್ಕ ಫೋನಿನಲ್ಲಿ ಕೇಳಿದ್ದಳು,
ಹೊಟ್ಟೆಗೆ ಹಿಟ್ಟೋ, ಜುಟ್ಟಿಗೆ ಮಲ್ಲಿಗೆಯೋ?
ಎರಡೂ ಅಲ್ಲ, ಎಂದೆ.
ಮುಂದೆ ಹೇಳಲು ತೋಚಲಿಲ್ಲ.

ಆ ವಾರದ ಪ್ರಶ್ನೆ: ಸತ್ಯವನ್ನು ಹೇಳಲೇಬೇಕೇ, ಎಲ್ಲರಿಗೂ?
ಆರ್ಥರ್ ಶುರು ಮಾಡಿದರು, ನಿಧಾನವಾಗಿ,
ಹಗ್ಗದ ಗಂಟು ಬಿಚ್ಚುವವರ ಹಾಗೆ.
ಹತ್ತೊಂಬತ್ತರ ಹುಡುಗ, ಹಡಗಿನ ಅಂಚು, ಒಂದು ಅಲೆ.
ಹುಡುಗ ಕೂಗಿದ್ದು ಇವರಿಗೆ ಕೇಳಿಸಿತ್ತು, ಬಹಳ ಹೊತ್ತು.
ದಡಕ್ಕೆ ಬಂದು ಅವನ ತಾಯಿಗೆ ಹೇಳಿದರಂತೆ:
ನಿದ್ದೆಯಲ್ಲೇ ಹೋದ, ಏನೂ ತಿಳಿಯಲಿಲ್ಲ ಅವನಿಗೆ.

ಅವರಿನ್ನೂ ಮಾತಾಡುತ್ತಿದ್ದರು,
ನನ್ನೊಳಗೆ ಆಗಲೇ ಉತ್ತರ ಕುದಿದು ಮುಚ್ಚಳ ಕುಣಿಯುತ್ತಿತ್ತು.
ಸುಳ್ಳು ಸುಳ್ಳೇ, ಎಂದೆ. ಕರುಣೆಯ ಅಂಗಿ ತೊಟ್ಟರೂ ಸುಳ್ಳೇ.
ಚೆನ್ನಾಗಿಯೇ ಹೇಳಿದೆ. ದನೂತಾ ತಲೆದೂಗಿದಳು.

ಹಿಲ್ಡಾ ಸೀಮೆಸುಣ್ಣ ಕೆಳಗಿಟ್ಟರು.
ಖಂಡಿಸುವ ಮೊದಲು ಒಂದು ಕೆಲಸ:
ಅವರು ಹೇಳಿದ್ದನ್ನು ನೀನು ಹೇಳು, ನಿನ್ನದನ್ನು ಅವರು ಹೇಳಲಿ,
ಹೇಳಿಸಿಕೊಂಡವರು ಹೌದು ಎನ್ನುವ ತನಕ.

ತಟ್ಟನೆ ಮೇಲುಕೋಟೆಯ ದೊಡ್ಡಪ್ಪ ನೆನಪಾದರು.
ಎದುರಾಳಿಯ ಮಾತನ್ನು ಎಷ್ಟು ಸೊಗಸಾಗಿ ಹೂಡುತ್ತಿದ್ದರೆಂದರೆ
ಪಕ್ಷವನ್ನೇ ಬದಲಿಸಿಬಿಟ್ಟರೇನೋ ಎಂದು
ಫ್ರಾಕಿನ ಅಂಚು ಕಚ್ಚಿಕೊಂಡು ಕೂರುತ್ತಿದ್ದೆ.
ಅದಕ್ಕೆ ಪೂರ್ವಪಕ್ಷ ಎನ್ನುತ್ತಾರೆ ಎಂದು ಗೊತ್ತಿತ್ತು ನನಗೆ.
ಹೆಸರು ಗೊತ್ತಿತ್ತು, ಅಷ್ಟೇ.

ಸುಳ್ಳು ಹೇಳಿದ್ದು ಸರಿ ಎನ್ನುತ್ತಾರೆ ಇವರು, ಎಂದೆ.

ಇಲ್ಲಮ್ಮ, ಎಂದರು ಆರ್ಥರ್.
ಸರಿ ಅಂದಿಲ್ಲ ನಾನು. ಸರಿಯೇ ಎಂದು ಕೇಳಿದೆ.
ಐವತ್ತೆಂಟು ವರ್ಷದಿಂದ ಕೇಳುತ್ತಿದ್ದೇನೆ.

ಆಮೇಲೆ ನನ್ನ ಮಾತನ್ನು ಅವರು ಹೇಳಿದರು:
ಈಕೆ ದಿನವಿಡೀ ಜನರ ಮುಖ ನೋಡಿ ಹೇಳಬೇಕು,
ಇಷ್ಟು ಹೋಗಿದೆ, ಇದು ಮತ್ತೆ ಬರುವುದಿಲ್ಲ.
ಒಂದೇ ಒಂದು ಸಲ ಹಿತಕ್ಕೆಂದು ಸುಳ್ಳಾಡಿದರೂ
ನಾಳೆ ಈಕೆ, ಪರವಾಗಿಲ್ಲ, ಕೇಳಿಸುತ್ತದೆ, ಎಂದಾಗ
ನಾನು ಹೇಗೆ ನಂಬಲಿ?

ಹೌದು, ಎಂದೆ. ಗಂಟಲು ಕಟ್ಟಿತ್ತು.
ಅಷ್ಟನ್ನು ನಾನು ಹೇಳಿರಲೇ ಇಲ್ಲ.

ಇವರ ಭಾಷೆಯಲ್ಲಿ ಕಿವಿಯನ್ನು ಸಾಲ ಕೊಡುತ್ತಾರೆ,
ನಮ್ಮದರಲ್ಲಿ ಕೊಟ್ಟೇಬಿಡುತ್ತೇವೆ.
ನಾನು ಎರಡೂ ಮಾಡಿರಲಿಲ್ಲ,
ಗುಂಡಿ ಒತ್ತಿದ್ದೆ, ಕೇಳಿಸುವ ಮೊದಲೇ.

ಹೊರಗೆ ಹಂಬರ್ ನದಿಯ ಗಾಳಿ, ಉಪ್ಪು, ಡೀಸೆಲ್ ವಾಸನೆ.
ಈ ಊರಿಗಷ್ಟೇ ಇರುವ ಕೆನೆಬಣ್ಣದ ಟೆಲಿಫೋನ್ ಗೂಡಿನ ಮರೆಯಲ್ಲಿ
ಇಬ್ಬರೂ ಬಸ್ಸಿಗೆ ನಿಂತೆವು.
ಆ ತಾಯಿಗೆ ಗೊತ್ತಾಗಿತ್ತೇ, ಕೇಳಿದೆ.
ಕೋಣೆಯಲ್ಲೇ ಹೇಳಿದೆನಲ್ಲ, ಎಂದರು.

ಇನ್ನೊಮ್ಮೆ ಹೇಳಿ, ಎಂದೆ.

ಬಸ್ಸು ಬಂತು, ಬಾಗಿಲು ತೆರೆಯಿತು.
ಕೈಯಾಡಿಸಿ, ಅದನ್ನು ಹೋಗಗೊಟ್ಟೆವು.